ಯಂತ್ರಕ್ಕೆ ಹಾರ, ದುಡಿಯುವ ಕೈಗೆ ಗುತ್ತಿಗೆ

ಕರ್ನಾಟಕದ ಆಸ್ಪತ್ರೆಗಳಲ್ಲಿ ಆಯುಧಪೂಜೆಯ ದಿನ ಎಕ್ಸ್‌ರೇ ಕೋಣೆಗೂ ಹಬ್ಬ. ಯಂತ್ರವನ್ನು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತಾರೆ. ಯಂತ್ರ ದಾನವಾಗಿ ಬಂದದ್ದಾದರೆ ಗೋಡೆಯ ಮೇಲೊಂದು ಫಲಕವೂ ಇರುತ್ತದೆ: ಕೊಟ್ಟವರ ಹೆಸರು, ಉದ್ಘಾಟಿಸಿದ ಸಚಿವರ ಹೆಸರು, ಅಧ್ಯಕ್ಷತೆ ವಹಿಸಿದ ಶಾಸಕರ ಹೆಸರು. ಹೊರದೇಶಗಳಲ್ಲಿ ನೆಲೆಸಿದ ಊರಿನ ಮಕ್ಕಳು ಹಣ ಕೂಡಿಸಿ ಕಳಿಸಿದ ಯಂತ್ರಗಳೂ ಇಂಥವುಗಳಲ್ಲಿ ಉಂಟು. ದಿನವೂ ಹತ್ತಾರು ರೋಗಿಗಳನ್ನು ಆ ಯಂತ್ರದ ಮುಂದೆ ನಿಲ್ಲಿಸಿ, ಮಲಗಿಸಿ, ತಿರುಗಿಸಿ ಚಿತ್ರ ತೆಗೆಯುವ ವ್ಯಕ್ತಿಯ ಹೆಸರು ಮಾತ್ರ ಆ ಫಲಕದ ಮೇಲೆ ಇರುವುದಿಲ್ಲ. ಯಂತ್ರವನ್ನು ಒರೆಸಿ ಹಾರ ಹಾಕಿದವರು ಬಹುಮಟ್ಟಿಗೆ ಅವರೇ.

ಅವರನ್ನು ಕರೆಯಲು ಸಮಾಜಕ್ಕೆ ಒಂದು ನಿಶ್ಚಿತ ಹೆಸರೂ ಇಲ್ಲ. ರೋಗಿಗಳಿಗೆ ಅವರು ಕೆಲವೊಮ್ಮೆ ‘ಡಾಕ್ಟ್ರು’, ಕೆಲವೊಮ್ಮೆ ‘ಸಿಸ್ಟರ್’, ಆಸ್ಪತ್ರೆಯವರಿಗೆ ‘ಎಕ್ಸ್‌ರೇಯವರು’, ಸರ್ಕಾರಿ ಕಾಗದಗಳಲ್ಲಿ ಕ್ಷ-ಕಿರಣ ತಂತ್ರಜ್ಞರು. ಬ್ರಿಟನ್ನಿನಲ್ಲಿ ರೇಡಿಯಾಗ್ರಫರ್, ಅಮೆರಿಕದಲ್ಲಿ ರೇಡಿಯೋಲಾಜಿಕ್ ಟೆಕ್ನಾಲಜಿಸ್ಟ್. ಚಿತ್ರವನ್ನು ಓದಿ ವರದಿ ಬರೆಯುವ ವೈದ್ಯರಾದ ರೇಡಿಯಾಲಜಿಸ್ಟ್ ಬೇರೆ, ಚಿತ್ರವನ್ನು ತೆಗೆಯುವ ಇವರು ಬೇರೆ ಎಂಬುದು ವಿದ್ಯಾವಂತರಲ್ಲಿಯೂ ಹಲವರಿಗೆ ತಿಳಿಯದು. ಗುಂಡಿ ಒತ್ತುವುದಷ್ಟೇ ಇವರ ಕೆಲಸ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಸಂಬಳವನ್ನೂ ಸುರಕ್ಷತೆಯನ್ನೂ ನಿರ್ಧರಿಸುವವರ ಮನಸ್ಸಿನಲ್ಲಿ ಇದೇ ತಿಳಿವಳಿಕೆ ಇರುವುದರಿಂದ ಅದು ಬರಿಯ ಅಜ್ಞಾನವಾಗಿ ಉಳಿಯದೆ ಅನ್ಯಾಯವಾಗಿ ಪರಿಣಮಿಸುತ್ತದೆ.

ಗುಂಡಿ ಒತ್ತುವುದು ಈ ಕೆಲಸದ ಕೊನೆಯ ಕ್ಷಣ. ಸಾಮಾನ್ಯವೆನಿಸುವ ಎದೆಯ ಎಕ್ಸ್‌ರೇಯನ್ನೇ ನೋಡಬಹುದು. ರೋಗಿಯ ಎದೆ ಫಲಕಕ್ಕೆ ತಾಗಬೇಕು, ಗಲ್ಲ ಮೇಲೆತ್ತಬೇಕು, ಹೆಗಲ ಮೂಳೆಗಳು ಶ್ವಾಸಕೋಶದ ಮೇಲೆ ಬೀಳದಂತೆ ಭುಜಗಳನ್ನು ಮುಂದಕ್ಕೆ ಹೊರಳಿಸಬೇಕು, ಉಸಿರನ್ನು ಪೂರ್ತಿ ಎಳೆದು ಹಿಡಿಯಬೇಕು. ಅರೆ ಉಸಿರಿನಲ್ಲಿ ತೆಗೆದ ಚಿತ್ರದಲ್ಲಿ ಶ್ವಾಸಕೋಶದ ಬುಡ ಮಬ್ಬಾಗಿ ಕಂಡು ಇಲ್ಲದ ರೋಗ ಇದೆಯೆನಿಸಬಹುದು. ಮೂಳೆಯ ಬಿರುಕು ಒಂದು ಕೋನದಲ್ಲಿ ಅಡಗಿ ಇನ್ನೊಂದರಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಒಂದಕ್ಕೊಂದು ಲಂಬವಾಗಿ ಎರಡು ಚಿತ್ರಗಳಾದರೂ ಬೇಕು. ಮುರಿದ ಸೊಂಟದ ಎಂಬತ್ತರ ಅಜ್ಜಿಯನ್ನು ನೋಯಿಸದೆ ಆ ಎರಡನೆಯ ಕೋನಕ್ಕೆ ತರುವುದು ಪುಸ್ತಕದಿಂದಷ್ಟೇ ಬರುವ ವಿದ್ಯೆಯಲ್ಲ.

ಕಿರಣದ ಪ್ರಮಾಣವನ್ನು ನಿರ್ಧರಿಸುವ ಹೊಣೆಯೂ ಇವರದೇ. ಹಳೆಯ ಫಿಲ್ಮಿನಲ್ಲಿ ಕಿರಣ ಹೆಚ್ಚಾದರೆ ಚಿತ್ರ ಕಪ್ಪಾಗಿ ತಪ್ಪು ತಾನೇ ಬಯಲಾಗುತ್ತಿತ್ತು. ಡಿಜಿಟಲ್ ಯಂತ್ರದಲ್ಲಿ ಹಾಗಾಗುವುದಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಕಿರಣ ಹಾಯಿಸಿದರೂ ಕಂಪ್ಯೂಟರ್ ಚಿತ್ರವನ್ನು ಸರಿಪಡಿಸಿ ತೋರಿಸುತ್ತದೆ, ಅಷ್ಟೇಕೆ, ಚಿತ್ರ ಇನ್ನಷ್ಟು ನುಣುಪಾಗಿ ಕಾಣುತ್ತದೆ. ರೋಗಿಯ ಮೈಗೆ ಅನಗತ್ಯವಾಗಿ ಎಷ್ಟು ಹೋಯಿತೆಂಬುದು ವರದಿ ಓದುವ ವೈದ್ಯರ ಕಣ್ಣಿಗೆ ಬೀಳದಿರಬಹುದು. ಯಂತ್ರದ ಮುಂದೆ ನಿಂತವರಿಗೆ ಗೊತ್ತಿರುತ್ತದೆ. ಎದೆಯ ಒಂದು ಎಕ್ಸ್‌ರೇಯಿಂದ ದೇಹಕ್ಕೆ ತಗಲುವ ವಿಕಿರಣ 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ಹೊಟ್ಟೆಯ ಸಿಟಿ ಸ್ಕ್ಯಾನಿನಿಂದ ಸುಮಾರು 8ರಿಂದ 10 ಮಿಲಿಸೀವರ್ಟ್. ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ಈ ಅಂಕಿಗಳ ನಡುವಿನ ಅಂತರವನ್ನು ದಿನವೂ ಕಾಯುವವರು ಈ ತಂತ್ರಜ್ಞರು.

ಈ ಕೆಲಸಕ್ಕೆ ಇನ್ನೊಂದು ಮುಖವಿದೆ. ಅದು ಯಾವ ಪಠ್ಯಕ್ರಮದಲ್ಲಿಯೂ ಪೂರ್ತಿಯಾಗಿ ದಾಖಲಾಗುವುದಿಲ್ಲ. ಎಕ್ಸ್‌ರೇಗೆ ಮುನ್ನ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ತಾಳಿ ತೆಗೆಯಿರಿ ಎಂದಾಗ ಹಳ್ಳಿಯಿಂದ ಬಂದ ಹೆಂಗಸಿನ ಮುಖದಲ್ಲಿ ಮೂಡುವ ಅಳುಕನ್ನು ಅರಿತು, ಅದನ್ನು ಹಗ್ಗದಂತೆ ಮೇಲಕ್ಕೆ ಸರಿಸಿ ಬಾಯಲ್ಲಿ ಕಚ್ಚಿಕೊಳ್ಳಲು ಹೇಳಬೇಕೇ, ಜೊತೆಗೆ ಬಂದ ತಾಯಿಯ ಕೈಗೆ ಕೊಡಿಸಬೇಕೇ ಎಂದು ಕ್ಷಣದಲ್ಲಿ ನಿರ್ಧರಿಸುವವರು ಇವರು. ಗರ್ಭವಿರುವ ಸಂಭವ ಇದೆಯೇ ಎಂದು ಕೇಳುವುದು ನಿಯಮ. ಅತ್ತೆ, ಮೈದುನ ನಿಂತಿರುವ ಇಕ್ಕಟ್ಟಿನ ಓಣಿಯಲ್ಲಿ ಆ ಪ್ರಶ್ನೆಗೆ ನಿಜವಾದ ಉತ್ತರ ಬಾರದು. ಮಿಕ್ಕವರನ್ನು ಹೊರಗೆ ಕಳಿಸಿ, ತಗ್ಗಿದ ದನಿಯಲ್ಲಿ ಕೇಳುವ ವಿವೇಕಕ್ಕೆ ಆಸ್ಪತ್ರೆಯ ಲೆಕ್ಕದಲ್ಲಿ ಬೆಲೆಯಿಲ್ಲ. ಅದರಿಂದ ಉಳಿಯುವುದು ಮಾತ್ರ ಒಂದು ಭ್ರೂಣದ ಕ್ಷೇಮ.

ವಿಕಿರಣದಿಂದ ಕಾಪಾಡಿಕೊಳ್ಳುವ ನಿಯಮಗಳು ಯಾರದೋ ಔದಾರ್ಯದಿಂದ ಹುಟ್ಟಲಿಲ್ಲ. 1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಗನ್ ಈ ಕಿರಣಗಳನ್ನು ಕಂಡರು; ಆ ಡಿಸೆಂಬರಿನಲ್ಲಿ ತೆಗೆದ ಅವರ ಪತ್ನಿಯ ಕೈಯ ಚಿತ್ರ, ಬೆರಳಿನ ಉಂಗುರದ ಸಮೇತ, ಲೋಕವಿಖ್ಯಾತವಾಯಿತು. ರಾಂಟ್ಗನ್ ತಮ್ಮ ಶೋಧಕ್ಕೆ ಪೇಟೆಂಟ್ ಪಡೆಯಲಿಲ್ಲ. 1901ರಲ್ಲಿ ಭೌತಶಾಸ್ತ್ರದ ಮೊತ್ತಮೊದಲ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಅಮೆರಿಕದಲ್ಲಿ ಥಾಮಸ್ ಎಡಿಸನ್ನರ ಪ್ರಯೋಗಶಾಲೆಯಲ್ಲಿ ಎಕ್ಸ್‌ರೇ ಕೊಳವೆಗಳ ಮುಂದೆ ತನ್ನ ಕೈಯನ್ನೇ ಒಡ್ಡಿ ಪರೀಕ್ಷಿಸುತ್ತಿದ್ದ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಮೊದಲು ಚರ್ಮವನ್ನು, ಆಮೇಲೆ ತೋಳುಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡ. ಎಡಿಸನ್ ಎಕ್ಸ್‌ರೇ ಕೆಲಸವನ್ನು ಬಿಟ್ಟರು. ಶೋಧಕರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಸಹಾಯಕನ ಹೆಸರು ಅಡಿಟಿಪ್ಪಣಿಯಲ್ಲಿ ಉಳಿಯಿತು.

ಹೀಗೆ ಸತ್ತವರಿಗಾಗಿ 1936ರಲ್ಲಿ ಹ್ಯಾಂಬರ್ಗ್‌ನ ಸೇಂಟ್ ಗೇಯೋರ್ಗ್ ಆಸ್ಪತ್ರೆಯ ಆವರಣದಲ್ಲಿ ಒಂದು ಸ್ಮಾರಕ ನಿಲ್ಲಿಸಲಾಯಿತು. ಹಲವು ದೇಶಗಳ ನೂರಕ್ಕೂ ಮಿಕ್ಕಿದ ಹೆಸರುಗಳನ್ನು ಅದರಲ್ಲಿ ಕೊರೆದಿದ್ದಾರೆ. ವೈದ್ಯರ ಜೊತೆಗೆ ತಂತ್ರಜ್ಞರನ್ನೂ ದಾದಿಯರನ್ನೂ ಅದು ನೆನೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಮೇರಿ ಕ್ಯೂರಿ ಸಂಚಾರಿ ಎಕ್ಸ್‌ರೇ ಗಾಡಿಗಳನ್ನು ಸಜ್ಜುಗೊಳಿಸಿದಾಗ ಅವುಗಳನ್ನು ನಡೆಸಲು ಸುಮಾರು 150 ಮಹಿಳೆಯರಿಗೆ ತರಬೇತಿ ಕೊಟ್ಟರು. ಕ್ಯೂರಿಯವರ ಬಗ್ಗೆ ಎಷ್ಟೋ ಪುಸ್ತಕಗಳಿವೆ. ಆ ಮಹಿಳೆಯರಲ್ಲಿ ಬಹುಪಾಲು ಮಂದಿಯ ಕತೆ ಎಲ್ಲಿಯೂ ಇಲ್ಲ. ಇಂದಿನ ಸೀಸದ ಏಪ್ರನ್, ಸೀಸದ ಗಾಜಿನ ಕಿಟಕಿ, ಗೋಡೆಯ ದಪ್ಪ, ಅಂತರದ ಲೆಕ್ಕ ಇವೆಲ್ಲವೂ ಅಂಥ ಕೆಲಸಗಾರರ ಸುಟ್ಟ ಬೆರಳುಗಳಿಂದ ಕಲಿತ ಪಾಠ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಿಯಮಗಳನ್ನು ಪಾಲಿಸುವ ಕಡೆ ಈ ವೃತ್ತಿ ಇಂದು ಅಪಾಯಕಾರಿಯಲ್ಲ. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪ್ರಕಾರ ವಿಕಿರಣದೊಂದಿಗೆ ದುಡಿಯುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿ. ಸುಸಜ್ಜಿತ ಆಸ್ಪತ್ರೆಯಲ್ಲಿ ದುಡಿಯುವ ಬಹುತೇಕ ತಂತ್ರಜ್ಞರಿಗೆ ತಗಲುವುದು ಇದರ ಸಣ್ಣ ಅಂಶ ಮಾತ್ರ. ಹಾಗೆಂದು ಖಚಿತವಾಗಿ ಹೇಳಲು ಸಾಧ್ಯವಾಗುವುದು ಎದೆಯ ಮೇಲೆ ಧರಿಸುವ ಟಿಎಲ್‌ಡಿ ಬ್ಯಾಡ್ಜಿನಿಂದ. ಆ ಪುಟ್ಟ ಬ್ಯಾಡ್ಜ್ ಮೂರು ತಿಂಗಳ ಕಾಲ ಮೈಗೆ ತಗಲಿದ ವಿಕಿರಣವನ್ನು ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಪ್ರಯೋಗಾಲಯ ಅದನ್ನು ಓದಿ ಆ ವ್ಯಕ್ತಿಯ ಹೆಸರಿನಲ್ಲಿ ದಾಖಲಿಸುತ್ತದೆ. ಅದು ಗುರಾಣಿಯಲ್ಲ, ಸಾಕ್ಷಿ. ಹತ್ತು ವರ್ಷಗಳ ನಂತರ ಕಾಯಿಲೆ ಬಿದ್ದ ಕೆಲಸಗಾರನೊಬ್ಬನಿಗೆ ತನ್ನ ದುಡಿಮೆಯ ಇತಿಹಾಸವನ್ನು ತೋರಿಸಲು ಇರುವ ಏಕೈಕ ದಾಖಲೆ.

ಸಾಕ್ಷಿಯೇ ಇಲ್ಲದ ಕಡೆ ಏನಾಗುತ್ತದೆ? ಭಾರತದ ಮಹಾಲೇಖಪಾಲರು 2012ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕುರಿತು ನೀಡಿದ ವರದಿ ಈ ಪ್ರಶ್ನೆಗೆ ಉತ್ತರದಂತಿದೆ. ದೇಶದ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳಲ್ಲಿ 52,173 ಘಟಕಗಳು, ಅಂದರೆ ನೂರರಲ್ಲಿ ಸುಮಾರು 91, ಪರವಾನಗಿಯಿಲ್ಲದೆ ನಡೆಯುತ್ತಿದ್ದವು. ಪ್ರತಿ ರಾಜ್ಯದಲ್ಲೂ ವಿಕಿರಣ ಸುರಕ್ಷತಾ ನಿರ್ದೇಶನಾಲಯ ಇರಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲಿಯೇ ನಿರ್ದೇಶಿಸಿತ್ತು. ಹತ್ತು ವರ್ಷ ಕಳೆದ ಮೇಲೂ ಅದು ಸ್ಥಾಪನೆಯಾಗಿದ್ದದ್ದು ಕೇರಳ ಮತ್ತು ಮಿಜೋರಾಂಗಳಲ್ಲಿ ಮಾತ್ರ. ಕರ್ನಾಟಕದ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಆನಂತರ ಪರವಾನಗಿ ವ್ಯವಸ್ಥೆ ಆನ್‌ಲೈನ್ ಆಗಿ ನೋಂದಣಿ ಹೆಚ್ಚಿತು ಎಂಬುದನ್ನು ಒಪ್ಪಬೇಕು. ಆದರೆ ಯಂತ್ರ ನೋಂದಣಿಯಾಗುವುದೂ ಅದನ್ನು ನಡೆಸುವವರ ಎದೆಯ ಮೇಲೆ ಅವರದೇ ಹೆಸರಿನ ಬ್ಯಾಡ್ಜ್ ಇರುವುದೂ ಬೇರೆ ಬೇರೆ ಮಾತು. ಬ್ಯಾಡ್ಜ್ ಕಚೇರಿಯ ಮೊಳೆಗೆ ತೂಗುಬಿದ್ದಿರುವುದು, ಬಿಟ್ಟು ಹೋದವರ ಹೆಸರಿನ ಬ್ಯಾಡ್ಜನ್ನು ಹೊಸಬರು ಧರಿಸುವುದು, ಗುತ್ತಿಗೆಯವರು ಇಂದಿದ್ದು ನಾಳೆ ಹೋಗುವವರೆಂದು ಅವರಿಗಾಗಿ ಬ್ಯಾಡ್ಜನ್ನೇ ತರಿಸದಿರುವುದು, ಈ ವೃತ್ತಿಯಲ್ಲಿರುವವರಿಗೆ ಅಪರಿಚಿತ ಸಂಗತಿಗಳಲ್ಲ. ಅಳತೆ ಇಲ್ಲದ ಕಡೆ ಅಪಾಯವೂ ಇಲ್ಲವೆಂದು ಬರೆದುಕೊಳ್ಳುವುದು ಬಹಳ ಸುಲಭ.

ಇದರ ಭಾರ ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆ. ತಂತ್ರಜ್ಞೆ ಗರ್ಭಿಣಿಯೆಂದು ತಿಳಿಸಿದ ಮೇಲೆ ಭ್ರೂಣಕ್ಕೆ ತಗಲಬಹುದಾದ ವಿಕಿರಣದ ಮಿತಿ 1 ಮಿಲಿಸೀವರ್ಟ್. ಹಾಗೆ ತಿಳಿಸಿದ ಕಾರಣಕ್ಕೆ ಆಕೆಯನ್ನು ಕೆಲಸದಿಂದ ಹೊರಗಿಡಬಾರದು, ಕೆಲಸದ ಸ್ವರೂಪವನ್ನು ಹೊಂದಿಸಿಕೊಡಬೇಕು ಎಂದು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮಾನದಂಡ ಹೇಳುತ್ತದೆ. ಹನ್ನೊಂದು ತಿಂಗಳ ಗುತ್ತಿಗೆಯಲ್ಲಿರುವವಳಿಗೆ ಈ ಮಾನದಂಡದಿಂದ ಏನು ಪ್ರಯೋಜನ? ಗುತ್ತಿಗೆಯನ್ನು ನವೀಕರಿಸದಿರಲು ಮಾಲೀಕರು ಕಾರಣ ಕೊಡಬೇಕಾಗಿಲ್ಲ. ಆದ್ದರಿಂದ ವಿಷಯವನ್ನು ತಿಳಿಸದೆ ಕೆಲಸ ಮುಂದುವರಿಸುವುದೇ ಕೆಲಸ ಉಳಿಸಿಕೊಳ್ಳುವ ದಾರಿಯಾಗುತ್ತದೆ. ತನ್ನ ಮಗುವಿನ ಕ್ಷೇಮವೋ ಮನೆಯ ಅನ್ನವೋ ಎಂಬ ಆಯ್ಕೆಯನ್ನು, ದಿನವೂ ಬೇರೆಯವರ ಭ್ರೂಣಗಳನ್ನು ಕಾಯುವ ಹೆಂಗಸಿನ ಮುಂದಿಡುವ ವ್ಯವಸ್ಥೆಯಿದು.

ಕಾನೂನು ಇಲ್ಲವೆಂದಲ್ಲ. ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ 2021ರಲ್ಲಿ ಬಂತು. ವೈದ್ಯಕೀಯ ಚಿತ್ರಣದ ತಂತ್ರಜ್ಞರೂ ಸೇರಿದಂತೆ ಐವತ್ತಕ್ಕೂ ಹೆಚ್ಚು ವೃತ್ತಿಗಳಿಗೆ ಅದು ಮೊದಲ ಬಾರಿಗೆ ರಾಷ್ಟ್ರಮಟ್ಟದ ಮಾನ್ಯತೆ ಕೊಟ್ಟಿತು: ಡಿಪ್ಲೊಮಾ ಮಟ್ಟಕ್ಕೆ ಕನಿಷ್ಠ 2,000 ಗಂಟೆ, ಪದವಿ ಮಟ್ಟಕ್ಕೆ ಕನಿಷ್ಠ 3,600 ಗಂಟೆಗಳ ಶಿಕ್ಷಣ, ರಾಜ್ಯ ಮಂಡಳಿಗಳು, ನೋಂದಣಿ ಪುಸ್ತಕ. ಮೂರು ವರ್ಷ ಕಳೆದರೂ ರಾಜ್ಯಗಳು ಅದನ್ನು ಕಾರ್ಯರೂಪಕ್ಕೆ ತರದಿದ್ದಾಗ 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ವಿಧಿಸಬೇಕಾಯಿತು. ಯಂತ್ರ ಖರೀದಿಯ ಟೆಂಡರಿಗೆ ಇಂಥ ಆಲಸ್ಯ ಕಾಡಿದ ಉದಾಹರಣೆ ಅಪರೂಪ.

ಇದೇ ವೃತ್ತಿ ಕಡಲಾಚೆ ಬೇರೊಂದು ಘನತೆಯನ್ನು ಪಡೆದಿದೆ. ಬ್ರಿಟನ್ನಿನಲ್ಲಿ ರೇಡಿಯಾಗ್ರಫರ್ ಎಂಬುದು ಕಾನೂನಿನ ರಕ್ಷಣೆಯುಳ್ಳ ಪದವಿ. ನೋಂದಣಿಯಿಲ್ಲದವರು ಆ ಹೆಸರನ್ನು ಬಳಸುವಂತಿಲ್ಲ. ವೈದ್ಯಕೀಯ ವಿಕಿರಣದ 2017ರ ಅಲ್ಲಿನ ನಿಯಮಗಳ ಪ್ರಕಾರ ಸಮರ್ಥನೆಯಿಲ್ಲದ ಎಕ್ಸ್‌ರೇಯನ್ನು ತೆಗೆಯುವಂತಿಲ್ಲ. ವೈದ್ಯರೇ ಬರೆದಿದ್ದರೂ ‘ಏಕೆ’ ಎಂದು ಕೇಳುವ ಹಕ್ಕು ರೇಡಿಯಾಗ್ರಫರಿಗಿದೆ. ರೋಗಿಯನ್ನು ಕಳಿಸಿದ ವೈದ್ಯರಿಗೆ ಕಮಿಷನ್ ಸಲ್ಲುವ ಸ್ಕ್ಯಾನಿಂಗ್ ಸೆಂಟರಿನಲ್ಲಿ ಆ ಒಂದು ಪ್ರಶ್ನೆ ಕೇಳಿದ ತಂತ್ರಜ್ಞ ಮರುದಿನ ಕೆಲಸದಲ್ಲಿರುವನೇ ಎಂದು ಊಹಿಸಿದರೆ ಎರಡು ಲೋಕಗಳ ಅಂತರ ತಿಳಿಯುತ್ತದೆ.

ಈ ಘನತೆ ಪಾಶ್ಚಾತ್ಯರ ಸಹಜ ಸದ್ಗುಣದಿಂದ ಬಂದದ್ದೆಂದು ತಿಳಿಯುವುದು ತಪ್ಪು. ಬ್ರಿಟನ್ನಿನ ಸೊಸೈಟಿ ಆಫ್ ರೇಡಿಯಾಗ್ರಫರ್ಸ್ 1920ರಿಂದ ಸಂಘಟಿತವಾಗಿದೆ. ಸಂಬಳ ಮತ್ತು ಸಿಬ್ಬಂದಿಯ ಕೊರತೆಯ ಪ್ರಶ್ನೆಯನ್ನೆತ್ತಿ ಅದರ ಸದಸ್ಯರು 2023ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ 48 ಗಂಟೆಗಳ ಮುಷ್ಕರ ಹೂಡಿದರು. ಇಂದು ಬೆಂಗಳೂರು, ಮಂಗಳೂರು, ಮಣಿಪಾಲಗಳಲ್ಲಿ ಕಲಿತು ಅಲ್ಲಿಗೆ ಹೋಗಿ ಸುರಕ್ಷಿತ ಕೋಣೆಯಲ್ಲಿ ನಿಲ್ಲುವವರು ಆ ಒಂದು ಶತಮಾನದ ಹೋರಾಟದ ಫಲಾನುಭವಿಗಳು.

ಹೋಗುವ ದಾರಿಯೂ ಸುಗಮವಲ್ಲ. ಕೊಲ್ಲಿ ದೇಶಗಳಿಗೆ ಪ್ರೊಮೆಟ್ರಿಕ್ ಪರೀಕ್ಷೆ, ಡೇಟಾಫ್ಲೋ ಪರಿಶೀಲನೆ. ಅದಕ್ಕೆ ಹಿಂದಿನ ಮಾಲೀಕರ ಅನುಭವ ಪತ್ರ ಬೇಕು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದೆ ನಾಲ್ಕು ವರ್ಷ ದುಡಿದವರು ಆ ಪತ್ರವನ್ನು ಎಲ್ಲಿಂದ ತರಬೇಕು? ಅಮೆರಿಕದಲ್ಲಿ ಪ್ರಮಾಣಪತ್ರ ಸಿಗಬೇಕಾದರೆ ಸಾಮಾನ್ಯವಾಗಿ ಅಲ್ಲಿಯೇ ಮಾನ್ಯತೆ ಪಡೆದ ಕೋರ್ಸನ್ನು ಓದಬೇಕು. ಊರಿನಲ್ಲಿ ಸಾವಿರಾರು ರೋಗಿಗಳ ಚಿತ್ರ ತೆಗೆದವರು ಮತ್ತೆ ಮೊದಲ ಬೆಂಚಿನಿಂದ ಆರಂಭಿಸಬೇಕು. ಚಿತ್ರಗಳಿಗೆ ಈ ತೊಡಕಿಲ್ಲ. ಅಮೆರಿಕದ ಆಸ್ಪತ್ರೆಯಲ್ಲಿ ನಡುರಾತ್ರಿ ತೆಗೆದ ಸ್ಕ್ಯಾನನ್ನು ಹಗಲಿನ ಬೆಂಗಳೂರಿನಲ್ಲಿ ಕುಳಿತ ವೈದ್ಯರು ಓದುವ ವ್ಯವಸ್ಥೆ ಎರಡು ದಶಕಗಳಿಂದ ನಡೆದಿದೆ. ಚಿತ್ರ ವೀಸಾ ಇಲ್ಲದೆ ಗಡಿ ದಾಟುತ್ತದೆ. ಅದನ್ನು ತೆಗೆಯಬಲ್ಲ ಕೈ ಮಾತ್ರ ಸರದಿಯಲ್ಲಿ ನಿಂತಿರುತ್ತದೆ.

ಕೃತಕ ಬುದ್ಧಿಮತ್ತೆ ಈ ಕೈಗಳನ್ನು ಅನಗತ್ಯವಾಗಿಸುತ್ತದೆ ಎಂಬ ಮಾತೂ ಈಗ ಕೇಳುತ್ತಿದೆ. ಕ್ಷಯರೋಗ ಪತ್ತೆಗೆ ಎದೆಯ ಎಕ್ಸ್‌ರೇಯನ್ನು ಕಂಪ್ಯೂಟರ್ ಓದುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಮ್ಮತಿ ಕೊಟ್ಟಿದೆ. ಭಾರತದಲ್ಲಿ 2024ರ ಡಿಸೆಂಬರಿನಲ್ಲಿ ಆರಂಭವಾದ 100 ದಿನಗಳ ಕ್ಷಯ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳು ಜನರಿರುವಲ್ಲಿಗೇ ಹೋದವು. ಓದುವ ಕೆಲಸ ಹಗುರವಾದೀತು. ಕೆಮ್ಮುವ ಮುದುಕನನ್ನು ನೇರವಾಗಿ ನಿಲ್ಲಿಸಿ ‘ಉಸಿರು ಎಳ್ಕೊಳ್ಳಿ ತಾತ, ಹಿಡ್ಕೊಳ್ಳಿ’ ಎನ್ನುವ ಕೆಲಸವನ್ನು ಯಂತ್ರ ಮಾಡಲಾರದು. ಸೀಸದ ಗೋಡೆಯ ಮರೆಯಿಲ್ಲದೆ ಯಂತ್ರವನ್ನು ಕೈಯಲ್ಲೇ ಹಿಡಿದು ನಿಲ್ಲುವ ಆ ತಂತ್ರಜ್ಞರಿಗೆ ಬ್ಯಾಡ್ಜ್ ಇನ್ನಷ್ಟು ಅಗತ್ಯ.

ಇಲ್ಲಿಗೆ ಹೊರನಾಡ ಕನ್ನಡಿಗರ ಹೊಣೆಯ ಪ್ರಶ್ನೆ ಬರುತ್ತದೆ. ಹುಟ್ಟೂರಿಗೆ ಏನಾದರೂ ಮಾಡಬೇಕೆಂಬ ಹಂಬಲ ಪ್ರಾಮಾಣಿಕವಾದದ್ದು. ಅದರಿಂದ ಉಳಿದ ಜೀವಗಳೂ ಇವೆ. ಆದರೆ ದಾನದ ಕಣ್ಣು ಸುಲಭವಾಗಿ ಯಂತ್ರದ ಮೇಲೆ ಬೀಳುತ್ತದೆ. ಯಂತ್ರಕ್ಕೆ ಬೆಲೆಪಟ್ಟಿ ಉಂಟು, ಫೋಟೋ ಉಂಟು, ಉದ್ಘಾಟನೆ ಉಂಟು. ಸಂಬಳಕ್ಕೆ ಇವಾವುವೂ ಇಲ್ಲ. ಸಿಬ್ಬಂದಿಗೆ ಸಂಬಳ ಕೊಡುವುದು ಸರ್ಕಾರದ ಕರ್ತವ್ಯ, ದಾನಿಗಳು ಅದನ್ನು ಹೊತ್ತರೆ ಸರ್ಕಾರ ಜಾರಿಕೊಳ್ಳುತ್ತದೆ ಎಂಬ ವಾದದಲ್ಲಿ ಹುರುಳಿದೆ. ಹಾಗಾದರೆ ದಾನದ ಕಾಗದಕ್ಕೆ ಸಹಿ ಹಾಕುವ ಮುನ್ನ ಆ ಕರ್ತವ್ಯವನ್ನು ನೆನಪಿಸುವ ಶಕ್ತಿಯೂ ದಾನಿಗಳಿಗೇ ಇದೆ. ಸಚಿವರು ವೇದಿಕೆಗೆ ಬರುವುದು ಅವರ ಯಂತ್ರಕ್ಕಾಗಿ.

ಆ ಶಕ್ತಿಯನ್ನು ಮೂರು ಪ್ರಶ್ನೆಗಳಲ್ಲಿ ಬಳಸಬಹುದು. ಈ ಕೋಣೆಯ ಗೋಡೆ, ಬಾಗಿಲು, ಯಂತ್ರಗಳಿಗೆ ನಿಯಂತ್ರಣ ಮಂಡಳಿಯ ಪರವಾನಗಿ ಇದೆಯೇ? ಯಂತ್ರವನ್ನು ನಡೆಸುವ ಅರ್ಹ ತಂತ್ರಜ್ಞರು ಯಾರು, ಅವರ ಹುದ್ದೆ ಮಂಜೂರಾದದ್ದೇ ಹೊರಗುತ್ತಿಗೆಯದೇ, ಸಂಬಳ ತಿಂಗಳಿಗೆ ಸರಿಯಾಗಿ ಸಿಗುತ್ತದೆಯೇ? ಪ್ರತಿಯೊಬ್ಬರಿಗೂ ಅವರ ಹೆಸರಿನಲ್ಲಿಯೇ ಬ್ಯಾಡ್ಜ್ ಇದೆಯೇ, ಅದರ ವರದಿ ಅವರ ಕೈ ಸೇರುತ್ತದೆಯೇ? ಮೂರಕ್ಕೂ ಲಿಖಿತ ಉತ್ತರ ಬಾರದೆ ಯಂತ್ರ ಹಡಗು ಹತ್ತಬಾರದು. ಇಷ್ಟು ಬಿಗಿ ಮಾಡಿದರೆ ಹಳ್ಳಿಯ ಜನಕ್ಕೆ ಎಕ್ಸ್‌ರೇಯೇ ಸಿಗದು ಎನ್ನುವವರಿದ್ದಾರೆ. ಹಳ್ಳಿಯ ರೋಗಿಗೆ ಕಳಪೆ ಚಿತ್ರ ಸಾಕು, ಹಳ್ಳಿಯಿಂದ ಬಂದ ತಂತ್ರಜ್ಞನಿಗೆ ರಕ್ಷಣೆ ಬೇಡ ಎಂಬುದು ಆ ಮಾತಿನ ಒಳಗಿರುವ ಅರ್ಥ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದ ಎಷ್ಟೋ ಬಡ, ದಲಿತ, ಹಿಂದುಳಿದ ಕುಟುಂಬಗಳ ಮಕ್ಕಳು ಬೇಗ ಕೈಗೂಡುವ ಉದ್ಯೋಗವೆಂದು ಈ ಡಿಪ್ಲೊಮಾಕ್ಕೆ ಸೇರುತ್ತಾರೆ. ಅವರ ದೇಹದ ಬೆಲೆಯನ್ನು ಕಡಿಮೆ ಹಿಡಿಯುವ ಲೆಕ್ಕ ಈ ನಾಡಿಗೆ ಹೊಸದಲ್ಲ. ಅದನ್ನು ಸೇವೆಯೆಂದು ಕರೆಯುವುದು ಮಾತ್ರ ಸಲ್ಲದು.

ವಿದೇಶದ ಆಸ್ಪತ್ರೆಗಳಲ್ಲಿ ಈ ವೃತ್ತಿಯಲ್ಲಿರುವ ಕನ್ನಡಿಗರ ಪಾತ್ರ ಇಲ್ಲಿ ದೊಡ್ಡದು. ಯಾವುದು ಸರಿಯಾದ ಕೋಣೆ, ಯಾವುದು ಸರಿಯಾದ ದಾಖಲೆ ಎಂಬುದನ್ನು ಅವರು ಬಲ್ಲರು. ಕನ್ನಡ ಸಂಘಗಳು ವೈದ್ಯರನ್ನು ಸನ್ಮಾನಿಸುವ ವೇದಿಕೆಗೆ ಅವರನ್ನೂ ಕರೆದು, ದಾನದ ಸಮಿತಿಯಲ್ಲಿ ಕೂರಿಸಿ ಮಾತು ಕೇಳಬೇಕು. ಊರಿನ ತಂತ್ರಜ್ಞರ ಸಂಘಟನೆಗಳು 2021ರ ಕಾಯ್ದೆಯ ಜಾರಿಗೆ ಒತ್ತಾಯಿಸಿದಾಗ ಹೊರನಾಡಿನಿಂದ ಒಂದು ದನಿ ಸೇರಿದರೆ ಅದು ಯಂತ್ರದಷ್ಟೇ ಬೆಲೆಯುಳ್ಳ ಕೊಡುಗೆ.

ಎಕ್ಸ್‌ರೇ ಚಿತ್ರದ ಮೂಲೆಯಲ್ಲಿ ಎಡ ಬಲಗಳನ್ನು ಸೂಚಿಸುವ ಸೀಸದ ಒಂದು ಪುಟ್ಟ ಅಕ್ಷರ ಮೂಡಿರುತ್ತದೆ. ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ಅದರ ಪಕ್ಕದಲ್ಲಿ ಇನ್ನೆರಡು ಮೂರು ಅಕ್ಷರಗಳೂ ಇರುತ್ತವೆ: ಚಿತ್ರ ತೆಗೆದವರ ಹೆಸರಿನ ಮೊದಲಕ್ಷರಗಳು. ಈ ಚಿತ್ರದ ಹೊಣೆ ಇವರದು ಎಂಬುದಕ್ಕೆ ಅಷ್ಟೇ ಗುರುತು. ಕರ್ನಾಟಕದ ತಾಲ್ಲೂಕು ಆಸ್ಪತ್ರೆಯ ತಂತ್ರಜ್ಞೆಯ ಹೆಸರು ಚಿತ್ರದ ಮೂಲೆಯಲ್ಲಿ, ಬ್ಯಾಡ್ಜಿನ ಮೇಲೆ, ಸಂಬಳದ ಪಟ್ಟಿಯಲ್ಲಿ, ನೋಂದಣಿ ಪುಸ್ತಕದಲ್ಲಿ ಕಾಣುವಂತಾಗಬೇಕು. ಮುಂದಿನ ಯಂತ್ರಕ್ಕೆ ಹಣ ಕೂಡಿಸಲು ಕೂತವರು ಆ ಹೆಸರನ್ನು ಮೊದಲು ಕೇಳಲಿ.